ತಂಗಿಯ ಎಡಗೈ

ನನ್ನ ತಂಗಿಯ ಎಡಗೈ ಮಣಿಕಟ್ಟಿನಲ್ಲಿ ಒಂದು ಸದ್ದಿತ್ತು. ಕಿವಿಯಿಟ್ಟರೆ ಕೇಳಿಸುತ್ತಿತ್ತು, ಬೆರಳಿಟ್ಟರೆ ಝುಂ ಎಂದು ತಾಗುತ್ತಿತ್ತು. ಅವಳ ಮೂತ್ರಪಿಂಡಗಳೆರಡೂ ಕೈಕೊಟ್ಟ ಮೇಲೆ, ಡಯಾಲಿಸಿಸ್‌ಗೆ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ಅಲ್ಲಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿದ್ದರು. ಅದನ್ನು ಫಿಸ್ಟುಲಾ ಎನ್ನುತ್ತಾರೆ. ಸೇರಿಸಿದ ಜಾಗದಲ್ಲಿ ರಕ್ತ ಜೋರಾಗಿ ನುಗ್ಗುವುದರಿಂದ ಆ ಸದ್ದು. ಸದ್ದು ಇರುವ ತನಕ ಭಯವಿಲ್ಲ, ನಿಂತರೆ ಮಾತ್ರ ಆ ಕ್ಷಣವೇ ಬನ್ನಿ ಎಂದು ಹೇಳಿ ಕಳಿಸಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು, ಅದನ್ನು ತಲೆಯಡಿ ಇಟ್ಟುಕೊಂಡು ಮಲಗಬಾರದು, ಗಡಿಯಾರ, ದಾರ, ಬಳೆ ಏನನ್ನೂ ಬಿಗಿಯಬಾರದು ಎಂದೂ ಹೇಳಿದ್ದರು.

ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ರವಿಕೆ ಹೊಲಿಯುವವಳು. ಡಾಕ್ಟರು ನಾಳ ಹೊಲಿದೆವು ಎಂದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, ಯಾವ ದಾರದಲ್ಲಿ ಎಂದು. ತಂಗಿ ಮಂಚದ ಮೇಲೆ ಮಲಗಿಕೊಂಡೇ ನಕ್ಕಳು. ಅವಳಿಗೆ ನನ್ನ ಮೇಲೆ ನಗುವುದು ಚಿಕ್ಕಂದಿನಿಂದ ಬಂದ ಚಾಳಿ. ನಾನು ಸಿಡುಕಿ, ಅವಳು ನಗುವವಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ನಂಬುತ್ತಿರಲಿಲ್ಲ.

ಅವಳನ್ನು ಕೊಟ್ಟಿದ್ದು ಕಾಮಸಮುದ್ರದ ಕಡೆಯ ಒಂದು ಹಳ್ಳಿಗೆ. ಒಂದಿಷ್ಟು ಹೊಲ, ಒಂದು ಬೋರ್‌ವೆಲ್ಲು, ಎರಡು ಸೀಮೆಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದರು. ಇದ್ದೊಬ್ಬ ಮಗಳನ್ನು ಬಂಗಾರಪೇಟೆಗೆ ಮದುವೆ ಮಾಡಿ ಕೊಟ್ಟಿದ್ದರು. ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ. ಹತ್ತು ಮಾತು ಕೇಳಿದರೆ ಒಂದಕ್ಕೆ ತಲೆಯಾಡಿಸುತ್ತಾನೆ, ಆ ಒಂದು ಯಾವುದೆಂದು ನಾವೇ ತಿಳಿದುಕೊಳ್ಳಬೇಕು.

ನಮ್ಮ ಕಡೆ ರೈತರಿಗೆ ಒಂದು ಅಭ್ಯಾಸವಿದೆ. ಮೋಟಾರು ಹಾಕಿದ ಕೂಡಲೇ ಬೋರಿನ ಪೈಪಿನ ಮೇಲೆ ಅಂಗೈ ಇಡುತ್ತಾರೆ. ನೀರು ಮೇಲೆ ಬರುತ್ತಿದ್ದರೆ ಪೈಪು ಅದುರುತ್ತದೆ, ತಣ್ಣಗಾಗುತ್ತದೆ. ಬರೀ ಗಾಳಿಯಾದರೆ ಬೇರೆ ಥರ ಅದುರುತ್ತದೆ. ಕೈಯಲ್ಲೇ ಗೊತ್ತಾಗುತ್ತದಂತೆ. ತಂಗಿಯ ಗಂಡ ದಿನಾ ಬೆಳಿಗ್ಗೆ ಎದ್ದು ಹಸುವಿನ ಹತ್ತಿರ ಹೋಗುವ ಮೊದಲು ಹೆಂಡತಿಯ ಮಣಿಕಟ್ಟಿನ ಮೇಲೆ ಅದೇ ಥರ ಅಂಗೈ ಇಡುತ್ತಿದ್ದ. "ನೀರು ಬರ್ತಾ ಐತೆ" ಎನ್ನುತ್ತಿದ್ದ. ಅವರಿಬ್ಬರ ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಹೆಂಡತಿಯ ಕೈ ಹಿಡಿದಿದ್ದನ್ನು ನಾನು ನೋಡಿದ್ದು ಧಾರೆಯ ದಿನ ಬಿಟ್ಟರೆ ಇದೇ.

ಆಪರೇಷನ್ ಆದ ಹೊಸದರಲ್ಲಿ ನಾಳ ಬಲಿಯಲು ಮೆತ್ತನೆಯ ಚೆಂಡೊಂದನ್ನು ಹಿಸುಕುತ್ತಿರಬೇಕು ಎಂದಿದ್ದರು. ಡಯಾಲಿಸಿಸ್ ವಾರ್ಡಿನಲ್ಲಿ ಕೆಜಿಎಫ್‌ನದೇ ಒಬ್ಬ ತಮಿಳು ಹುಡುಗಿ ಕೆಲಸಕ್ಕಿದ್ದಳು. ಅವಳೇ ಹೇಗೆ ಹಿಸುಕಬೇಕೆಂದು ತೋರಿಸಿಕೊಟ್ಟಳು. ತಂಗಿ ಅದನ್ನು ನೋಡಿ, "ಇದಕ್ಯಾಕಮ್ಮ ಚೆಂಡು, ಮನೇಲಿ ಎರಡು ಹಸ ಅವೆ" ಎಂದಳು. ನಿಜವಾಗಿಯೂ ಹಾಲು ಕರೆದೇ ಕೈ ಬಲಿಸಿಕೊಂಡಳು. ಮುಂದಿನ ಸಲ ಹೋದಾಗ ಆ ಹುಡುಗಿ ನಾಳ ಮುಟ್ಟಿ ನೋಡಿ, "ಸೂಪರಾ ಇರುಕ್ಕು ಅಕ್ಕಾ" ಎಂದಳು. ತಂಗಿ ಪರೀಕ್ಷೆ ಪಾಸಾದವಳ ಹಾಗೆ ನನ್ನ ಕಡೆ ನೋಡಿದಳು.

ಡಯಾಲಿಸಿಸ್ ದಿನಗಳಲ್ಲಿ ಅವಳು ಹಳ್ಳಿಯಿಂದ ಬಸ್ಸಿನಲ್ಲಿ ಬಂಗಾರಪೇಟೆಯ ಆಸ್ಪತ್ರೆಗೆ ಬರುತ್ತಿದ್ದಳು, ನಾನು ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಹೋಗಿ ಅವಳನ್ನು ಸೇರುತ್ತಿದ್ದೆ. ಆ ರೈಲಿನ ಮೇಲೆ ನನಗೆ ಮೊದಲಿನಿಂದ ಕೋಪ. ಕತ್ತಲಿರುವಾಗಲೇ ನಮ್ಮೂರ ಗಂಡಸರನ್ನೂ ಹೆಂಗಸರನ್ನೂ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ, ಸಾಯಂಕಾಲ ಅದೇ ಜನರನ್ನು ಹಿಂಡಿ ತಂದು ಹಾಕುತ್ತದೆ. ನಮ್ಮವರೂ ಅದರಲ್ಲೇ ಹೋಗಿ ಬರುವವರು. ಭಾನುವಾರ ಒಂದು ದಿನ ಮನೆಯಲ್ಲಿ ಕೂತರೆ ಯಾರೋ ನೆಂಟರು ಬಂದ ಹಾಗಿರುತ್ತದೆ. ಗಣಿ ಇದ್ದ ಕಾಲದಲ್ಲಿ ನಮ್ಮ ಮಾವನವರ ಕಾಲದ ಜನ ಭೂಮಿಯೊಳಕ್ಕೆ ಇಳಿದು ಹತ್ತುತ್ತಿದ್ದರು, ಈಗ ಅವರ ಮಕ್ಕಳು ಅಡ್ಡಡ್ಡ ಓಡಾಡುತ್ತಾರೆ. ಆದರೂ ತಂಗಿಗಾಗಿ ಬೆಳಕು ಹರಿದ ಮೇಲಿನ ರೈಲಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಜಾಗ ಸಿಕ್ಕರೆ ಖುಷಿಯೇ ಆಗುತ್ತಿತ್ತು. ಅವಳಿಗೆ ಖಾಯಿಲೆ ಬರದೇ ಇದ್ದಿದ್ದರೆ ನಾವಿಬ್ಬರೂ ಅಷ್ಟು ಹೊತ್ತು ಪಕ್ಕಪಕ್ಕ ಕೂರುತ್ತಲೇ ಇರಲಿಲ್ಲ.

ನಮ್ಮ ಮಾವನವರು ಗಣಿಯೊಳಗೆ ಪಂಪಿನ ಕೆಲಸದಲ್ಲಿದ್ದವರು. ಬದುಕಿದ್ದಾಗ ಜಗುಲಿಯಲ್ಲಿ ಕೂತು ಒಂದು ಮಾತು ಹೇಳುತ್ತಿದ್ದರು. ಗಣಿ ಮುಚ್ಚಿದರು ಎಂದರೆ ಎಲ್ಲರೂ ಬಾಗಿಲು ಹಾಕಿದರು ಎಂದುಕೊಂಡರು, ನನಗೆ ಮಾತ್ರ ಪಂಪು ನಿಲ್ಲಿಸಿದರು ಎಂದು ಅರ್ಥವಾಯಿತು ಅನ್ನುತ್ತಿದ್ದರು. ಪಂಪು ನಿಂತ ಮೇಲೆ ನೀರು ತಾನಾಗಿ ಏರಿಕೊಂಡು ಬಂದು ಒಳಗಿನ ದಾರಿಗಳನ್ನೆಲ್ಲಾ ತುಂಬಿತು. ತಂಗಿಯ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗಿದ್ದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅವರ ಆ ಮಾತು.

ವಾರ್ಡಿನಲ್ಲಿ ಯಂತ್ರದ ಚಕ್ರ ತಿರುಗುತ್ತಿರುತ್ತಿತ್ತು. ಒಂದು ಕೊಳವೆಯಲ್ಲಿ ರಕ್ತ ಹೊರಗೆ ಬಂದು, ಸೋಸಿಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುತ್ತಿತ್ತು. ನನ್ನ ಕಣ್ಣು ಆ ಚಕ್ರದ ಮೇಲೆಯೇ. ಹೊಲಿಗೆ ಮಿಷನ್ನಿನ ಮುಂದೆ ಆಯುಷ್ಯ ಕಳೆದವಳಿಗೆ ಚಕ್ರ ಕಂಡರೆ ಬೇರೇನೂ ಕಾಣುವುದಿಲ್ಲ. ತಂಗಿ ಮಾತ್ರ ಮಲಗಿದಲ್ಲಿಂದಲೇ ಊರ ಸುದ್ದಿಯನ್ನೆಲ್ಲಾ ಹೇಳುತ್ತಿದ್ದಳು. ಯಾರ ಹಸು ಗಬ್ಬ ನಿಂತಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಡೇರಿಯಲ್ಲಿ ಯಾರು ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದರು. ಹೇಳುತ್ತಾ ಹೇಳುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಗ ನಾನು ಅವಳ ಕಾಲುಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಕೂರುತ್ತಿದ್ದೆ.

ಒಂದು ದಿನ ನಾವಿಬ್ಬರೂ ವಾರ್ಡಿನಲ್ಲಿ ಬಿದ್ದೂ ಬಿದ್ದೂ ನಕ್ಕೆವು. ತಾಂಬೂಲದಲ್ಲಿ ಕೊಡುವ ರವಿಕೆ ಬಟ್ಟೆಗಳ ವಿಚಾರ ಅದು. ಅವುಗಳನ್ನು ಯಾರೂ ಹೊಲಿಸುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಬ್ಬರ ಮನೆಯ ಗೃಹಪ್ರವೇಶದಲ್ಲಿ ಬಂದಿದ್ದು ಇನ್ನೊಬ್ಬರ ನಾಮಕರಣಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಮದುವೆಗೆ. ಗಿಣಿಹಸಿರಿನ ಒಂದು ತುಂಡನ್ನು ನಾನು ತಂಗಿಗೆ ಕೊಟ್ಟಿದ್ದೆ, ಮೂಲೆಯಲ್ಲಿ ಅರಿಶಿನದ ಕಲೆ ಇತ್ತು. ಅದು ಎಲ್ಲೆಲ್ಲೋ ಸುತ್ತಿ, ಯಾರದೋ ಆರತಿಯಲ್ಲಿ ಎಲೆ ಅಡಿಕೆಯ ಕೆಳಗೆ ಕೂತು ನನ್ನ ಮಡಿಲಿಗೇ ವಾಪಸು ಬಂದಿತ್ತು. ತಂಗಿಗೆ ನಗು ತಡೆಯಲಾಗದೆ ಕೈ ಅಲುಗಿ ಯಂತ್ರ ಕೂಗಿಕೊಂಡಿತು. ತಮಿಳು ಹುಡುಗಿ ಓಡಿ ಬಂದು ಇಬ್ಬರನ್ನೂ ಗದರಿಸಿದಳು.

ಆ ವರ್ಷ ಅವರ ಊರ ಕೆರೆ ತುಂಬಿತು. ತಂಗಿ ಆ ಮನೆಗೆ ಸೊಸೆಯಾಗಿ ಹೋದಾಗಿನಿಂದ ಅದರಲ್ಲಿ ಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮೇಲಿನ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಸೋಸಿ ಹರಿಸಿದ್ದರು, ಅದರ ಮೇಲೆ ಒಳ್ಳೆಯ ಮಳೆಯೂ ಆಯಿತು, ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ ಹರಿಯುತ್ತಾ ಕೊನೆಗೆ ಇವರ ಕೆರೆಗೂ ಬಂತು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಊರಲ್ಲಿ ಜಗಳವೇ ನಡೆಯಿತು. ಜಗಳ ಮುಗಿಯುವುದರೊಳಗೆ ಬತ್ತಿದ್ದ ಬೋರುಗಳಲ್ಲಿ ನೀರು ಬಂದುಬಿಟ್ಟಿತು. ತಂಗಿಯ ಗಂಡ ಪೈಪಿನ ಮೇಲೆ ಕೈಯಿಟ್ಟುಕೊಂಡು ಹೊಲದಲ್ಲೇ ಕೂತುಬಿಟ್ಟಿದ್ದನಂತೆ.

ನೀರೇ ಇಲ್ಲದ ವರ್ಷಗಳಲ್ಲಿ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದವಳು ನನ್ನ ತಂಗಿ. ಮನೆಯ ಹಿಂದೆ ನೀರು ಬಂದು ನಿಂತಾಗ ಅವಳು ಕುಡಿಯುವ ಹಾಗಿರಲಿಲ್ಲ. ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟಿದ್ದನ್ನು ಗುಟುಕು ಗುಟುಕಾಗಿ ಕುಡಿಯಬೇಕಿತ್ತು. ಬಾಯಾರಿಕೆ ತಡೆಯದಾದಾಗ ಬಾಯಿ ಮುಕ್ಕಳಿಸಿ ಕರಿಬೇವಿನ ಗಿಡದ ಬುಡಕ್ಕೆ ಉಗುಳುತ್ತಿದ್ದಳು. ನಾನು ಹೋದ ಒಂದು ದಿನ ಕೆರೆ ಏರಿಯ ಮೇಲೆ ಕೂತಿದ್ದಾಗ ಅವಳು ನಗುತ್ತಲೇ ಹೇಳಿದಳು, "ಬೆಂಗ್ಳೂರೋರು ಕುಡ್ದು ತೊಳ್ದು ಬಿಟ್ಟಿದ್ದು ನಮ್ಗೆ ಬಂತು. ನಾವು ಅದ್ರಾಗೆ ಉಲ್ಲು ಬೆಳ್ದು, ಆಲು ಕರ್ದು ಅವ್ರಿಗೇ ಕಳುಸ್ತೀವಿ. ಎಲ್ಲಾ ತಿರುಗ್ತಾ ಐತೆ ಕಣಕ್ಕ. ನನ್ನೊಳಗೆ ಓದ ನೀರು ಮಾತ್ರ ಎಲ್ಗೂ ಓಗಲ್ಲ ಅಂತೈತೆ."

ನಾನು ಬಿಸಿಲು ಜಾಸ್ತಿಯಾಯಿತು ಎಂದು ಬೈದು ಎಬ್ಬಿಸಿಕೊಂಡು ಬಂದೆ.

ಎಡಗೈ ಬೋಳಾಗಿದ್ದುದೊಂದು ಅವಳನ್ನು ಒಳಗೇ ಕೊರೆಯುತ್ತಿತ್ತು. ಖಾಯಿಲೆಯ ಬಗ್ಗೆ ಎಷ್ಟು ಬೇಕಾದರೂ ತಮಾಷೆ ಮಾಡುವವಳು ಇದರ ಮಾತು ಬಂದರೆ ಎದ್ದು ಹಸುವಿನ ಹತ್ತಿರ ಹೋಗುತ್ತಿದ್ದಳು. ಬಲಗೈ ತುಂಬಾ ಗಾಜಿನ ಬಳೆ, ಎಡಗೈಯಲ್ಲಿ ಬರೀ ಸೂಜಿಯ ಗುರುತುಗಳು. ಗಂಡ ಇರುವ ಹೆಂಗಸು ಹಾಗೆ ಇರುವುದನ್ನು ನಮ್ಮ ಕಡೆ ಯಾರೂ ನೋಡಿ ಸುಮ್ಮನಿರುವುದಿಲ್ಲ. ಮದುವೆ ಮನೆಗಳಲ್ಲಿ ಕುಂಕುಮ ಕೊಡುವವರ ಕಣ್ಣು ಮೊದಲು ಆ ಕೈಗೆ ಹೋಗಿ ಆಮೇಲೆ ಹಣೆಗೆ ಬರುತ್ತಿತ್ತು. ಒಬ್ಬ ಮುದುಕಿಯಂತೂ ಅವಳನ್ನು ದಾಟಿ ಪಕ್ಕದವಳಿಗೆ ಕುಂಕುಮ ಕೊಟ್ಟು ಹೋದಳು. ಅವತ್ತಿನಿಂದ ತಂಗಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದನ್ನು ಕಲಿತಳು. ನಾನು ಅವಳ ರವಿಕೆಗಳ ಎಡತೋಳನ್ನು ಒಂದಿಷ್ಟು ಉದ್ದ ಮಾಡಿ ಹೊಲಿದೆ. ಅವಳು ಅದನ್ನು ಕಂಡಳು, ತೊಟ್ಟುಕೊಂಡಳು.

ಮಗಳು ಬಸುರಾದಳು. ಏಳನೇ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರ ತಾಯಿಯ ಮನೆಯಲ್ಲಿ ಎಂದು ನಿಶ್ಚಯವಾಯಿತು. ತಂಗಿ ಆಗ ಮಾಡಿದ ಗಲಾಟೆ ನೋಡಬೇಕಿತ್ತು. ಊರೂರು ತಿರುಗುವ ರವಿಕೆ ಬಟ್ಟೆ ನನ್ನ ಮಗಳ ಶಾಸ್ತ್ರದಲ್ಲಿ ಕೊಡುವುದಿಲ್ಲ, ಹೊಲಿಸಿಕೊಳ್ಳುವ ಹಾಗಿರುವುದೇ ಬೇಕು ಎಂದು ನನ್ನನ್ನು ಮಾರ್ಕೆಟ್ಟಿನಲ್ಲಿ ಅಲೆಸಿದಳು. ಶಾಸ್ತ್ರದ ದಿನವೂ ಡಯಾಲಿಸಿಸ್ ದಿನವೂ ಒಂದೇ ಆದಾಗ, ಇನ್ನೊಬ್ಬರ ಜೊತೆ ಸರದಿ ಬದಲಾಯಿಸಿಕೊಂಡು ಮಾರನೆಯ ದಿನಕ್ಕೆ ಹಾಕಿಸಿಕೊಂಡಳು. ಒಂದು ದಿನ ತಡವಾದರೆ ಮೈಯಲ್ಲಿ ನೀರು ನಿಲ್ಲುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಬಾಯಿ ಕಟ್ಟಿಕೊಂಡು ಇರುತ್ತೇನೆ ಎಂದಳು.

ಮನೆ ಮುಂದೆ ಚಪ್ಪರ, ಚಾಪೆಯ ಮೇಲೆ ಹೆಂಗಸರು. ರಾಬರ್ಟ್‌ಸನ್‌ಪೇಟೆಯಿಂದ ಬಂದಿದ್ದ ಬಳೆಗಾರ್ತಿ ಹಸಿರು ಬಳೆಯ ಗೊಂಚಲುಗಳನ್ನು ಬಿಚ್ಚಿ ಹರಡಿಕೊಂಡಿದ್ದಳು. ಮಗಳ ಅತ್ತೆ ನನ್ನ ಪಕ್ಕದಲ್ಲಿ ಕೂತಿದ್ದವಳು ಯಾರಿಗೋ ಹೇಳುವ ಹಾಗೆ, ತಾಯಿಯಾದವಳು ಎರಡೂ ಕೈಗೆ ಬಳೆ ತೊಟ್ಟು ಮಗಳಿಗೆ ತೊಡಿಸಿದರೆ ಲಕ್ಷಣ ಎಂದಳು. ನಾನು ತಿರುಗಿ ಒಂದು ನೋಟ ನೋಡಿದೆ. ಅಷ್ಟರಲ್ಲಿ ತಂಗಿ ಬಂದು ಬಳೆಗಾರ್ತಿಯ ಮುಂದೆ ಕೂತು ಸೆರಗಿನೊಳಗಿಂದ ಎಡಗೈ ತೆಗೆದು ಚಾಚಿದಳು.

ನಾನು ಎದ್ದು ಹೋಗಿ ಅವಳ ಭುಜ ಹಿಡಿದುಕೊಂಡೆ. "ಬ್ಯಾಡ ಕಣೇ" ಎಂದೆ.

"ಒಂದೊತ್ತು ಅಕ್ಕ. ಸಾಯಂಕಾಲ ತೆಗ್ದುಬಿಡ್ತೀನಿ. ಇವತ್ತೊಂದಿನ ನೀನು ಸುಮ್ನಿರು" ಎಂದಳು.

ಬಳೆಗಾರ್ತಿಗೆ ನಾನೇ ವಿಷಯ ತಿಳಿಸಿದೆ. ಅವಳು ಪಾಪ ಎಂದು, ಅಳತೆಗಿಂತ ದೊಡ್ಡ ಬಳೆ ಆರಿಸಿ ತೊಡಿಸಿದಳು. ನಾನು ಬಳೆಗಳೊಳಗೆ ಬೆರಳು ತೂರಿಸಿ ನೋಡಿದೆ. ಬಟ್ಟೆ ಎಷ್ಟು ಸಡಿಲ ಎಂದು ಹೇಳುವುದೇ ನನ್ನ ಕಸುಬು. ಧಾರಾಳವಾಗಿ ಸಡಿಲವಿತ್ತು, ಕೈ ಇಳಿಬಿಟ್ಟರೆ ಜಾರಿ ಅಂಗೈ ಬುಡಕ್ಕೆ ಬರುತ್ತಿದ್ದವು. ಇದರಲ್ಲಿ ನನ್ನ ತಪ್ಪೆಷ್ಟು ಎಂದು ಹುಡುಕಿಕೊಂಡು ಕೂರುವ ಜಾಯಮಾನ ನನ್ನದಲ್ಲ. ನಾನು ನೋಡಿದಾಗ ಸಡಿಲವಿತ್ತು, ಅಷ್ಟೇ.

ಅವತ್ತು ಅವಳು ಎಷ್ಟು ಚೆನ್ನಾಗಿದ್ದಳೆಂದರೆ ಖಾಯಿಲೆಯವಳೆಂದು ಯಾರೂ ಹೇಳುವ ಹಾಗಿರಲಿಲ್ಲ. ಎರಡೂ ಕೈ ಆಡಿಸಿಕೊಂಡು ಮಾತಾಡುತ್ತಿದ್ದಳು. ಮಗಳ ಕೈಗೆ ಬಳೆ ಏರಿಸುವಾಗ ಇಬ್ಬರ ಬಳೆಗಳೂ ಒಂದಕ್ಕೊಂದು ತಾಗಿ ಸದ್ದಾಯಿತು, ಮಗಳ ಗಂಡ ಫೋನಿನಲ್ಲಿ ಫೋಟೋ ಹಿಡಿದ. ಬಡಿಸುವುದಕ್ಕೂ ಅವಳೇ ನಿಂತಳು. ಒಂದು ಲೋಟ ಪಾನಕ ಕುಡಿದದ್ದನ್ನು ನಾನು ಕಂಡೆ, ಕಣ್ಣು ಬಿಟ್ಟೆ, ಅವಳು ನಾಲಿಗೆ ಕಚ್ಚಿಕೊಂಡು ನಕ್ಕಳು. ಸಂಜೆ ಬೀಗರು ಮಗಳನ್ನು ಕರೆದುಕೊಂಡು ಬಂಗಾರಪೇಟೆಗೆ ಹೊರಟರು, ಹೆರಿಗೆ ಹತ್ತಿರ ಬಂದಾಗ ಕರೆತರುವುದೆಂದು ಮಾತಾಯಿತು. ನಾನೂ ಅವರ ಹಿಂದೆಯೇ ಬಸ್ಸು ಹತ್ತಿದೆ.

ಮುಂದಿನದನ್ನು ತಂಗಿಯ ಗಂಡ ತುಂಬಾ ದಿನಗಳ ಮೇಲೆ ಒಂದೊಂದೇ ತುಂಡಾಗಿ ನನಗೆ ಹೇಳಿದ್ದು. ಎಲ್ಲರೂ ಹೋದ ಮೇಲೆ ಬಳೆ ತೆಗೆಯಲು ಕೂತಾಗ ಕೈ ಊದಿಕೊಂಡಿತ್ತಂತೆ. ಸೋಪು ಹಚ್ಚಿದರೂ ಎಣ್ಣೆ ಹಚ್ಚಿದರೂ ಬಳೆ ಅಂಗೈ ದಾಟಲಿಲ್ಲ. ಅವನು ಕಟಿಂಗ್ ಪ್ಲೇಯರು ತಂದನಂತೆ. ಶಾಸ್ತ್ರದ ದಿನ ತೊಟ್ಟ ಬಳೆಯನ್ನು ಆ ದಿನವೇ ಒಡೆಯುವುದೆಂದರೆ ನಮ್ಮಲ್ಲಿ ಹೆಂಗಸರು ಆ ಮಾತನ್ನೂ ಬಾಯಲ್ಲಿ ಆಡುವುದಿಲ್ಲ. ಕೆಟ್ಟದ್ದು ಗಂಡನಿಗೋ, ಹೊಟ್ಟೆಯಲ್ಲಿರುವ ಮಗುವಿಗೋ ತಟ್ಟುತ್ತದೆ ಎಂದು ಹೆದರಿಕೆ. ಅವಳು ಬಲಗೈಯನ್ನು ಬಳೆಗಳ ಮೇಲೆ ಮುಚ್ಚಿಟ್ಟುಕೊಂಡು, ಬೆಳಗಾಗಲಿ, ತಲೆಗೆ ನೀರು ಹಾಕಿಕೊಂಡ ಮೇಲೆ ಒಡೆಯುವೆಯಂತೆ ಎಂದಳಂತೆ. ಅವನು ಬಳೆಗಳ ಮೇಲಕ್ಕೆ ಅಂಗೈಯಿಟ್ಟು ನೋಡಿದ. ನೀರು ಬರುತ್ತಿತ್ತು. ಪ್ಲೇಯರನ್ನು ತೆಗೆದುಕೊಂಡು ಹೋಗಿ ಇಟ್ಟುಬಿಟ್ಟ.

ಬೆಳಿಗ್ಗೆ ನಾನು ಹಾಲು ಕಾಯಲಿಟ್ಟುಕೊಂಡು ನಿಂತಿದ್ದಾಗ ಫೋನು ಬಂತು. ಅವನಾಗಿ ಫೋನು ಮಾಡಿದ್ದು ಅದೇ ಮೊದಲು.

"ಅಕ್ಕಾ, ನೀರು ನಿಂತೋಗೈತೆ" ಎಂದ.

ಬೋರಿನ ಮಾತಲ್ಲ ಎಂಬುದು ನನಗೆ ಆ ದನಿಯಲ್ಲೇ ತಿಳಿಯಿತು.

ಕೋಲಾರಕ್ಕೆ ಕರೆದುಕೊಂಡು ಹೋದೆವು, ಅಲ್ಲಿಂದ ಬೆಂಗಳೂರಿಗೆ. ರಕ್ತ ಹೆಪ್ಪುಗಟ್ಟಿದೆ ಎಂದರು, ತೆರೆಯಲು ನೋಡಿದರು, ಆಗಲಿಲ್ಲ. ಕುತ್ತಿಗೆಗೆ ಒಂದು ಕೊಳವೆ ಹಾಕಿ ಅದರಲ್ಲೇ ಡಯಾಲಿಸಿಸ್ ಶುರುಮಾಡಿದರು. ಇದು ತಾತ್ಕಾಲಿಕ, ಇದರಿಂದ ನಂಜಾಗುವ ಭಯ ಇರುತ್ತದೆ, ಬಲಗೈಯಲ್ಲಿ ಹೊಸದಾಗಿ ಮಾಡೋಣ, ಬಲಿಯಲು ವಾರಗಳು ಬೇಕು ಎಂದು ವಿವರಿಸಿದರು. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಬಲಗೈ ಆಪರೇಷನ್ನಿಗೆ ಮುಂಚೆ ಆ ಕೈಯ ಬಳೆಗಳನ್ನೂ ತೆಗೆಸಿದರು. ತಂಗಿ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು, ಈಗ ಎರಡೂ ಬೋಳು, ಯಾರೂ ಒಂದನ್ನೇ ಎತ್ತಿ ಆಡುವ ಹಾಗಿಲ್ಲ ಎಂದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ವಾಪಸು ಒಳಗೆ ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. "ಮಗಳಿಗೆ ಗೊತ್ತಾಗ್ಬಾರ್ದು ಅಕ್ಕ. ಸಾಯಂಕಾಲಾನೇ ಬಳೆ ತೆಗ್ದುಬಿಟ್ಟೆ ಅಂದಿದೀನಿ. ಬೀಪಿ ಬಿದ್ದು ಕೈಲಿ ಸದ್ದು ನಿಂತೋಯ್ತು ಅಂದಿದೀನಿ. ನೀನೂ ಅಂಗೇ ಅನ್ನು. ನಾನು ಇದ್ರೂ ಅಂಗೇ, ಇಲ್ದಿದ್ರೂ ಅಂಗೇ."

ಹೂಂ ಎಂದೆ. ಮಗಳು ಅತ್ತೆಯ ಮಾತಿನಿಂದಲೇ ಇದೆಲ್ಲಾ ಆಯಿತೆಂದು ಆ ಮನೆಯಲ್ಲಿ ಜಗಳ ತೆಗೆಯಬಾರದು, ಅವಳ ಸಂಸಾರ ಕೆಡಬಾರದು ಎಂದು ತಂಗಿ ಹೀಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳ ಒಳ್ಳೆಯತನದ ಮೇಲೆಯೇ ನನಗೆ ರೋಷ ಬಂತು. ಮಗಳಿಗೆ ಹೇಳಲಿಲ್ಲ, ಆದರೆ ಆ ಹೆಂಗಸಿನ ಜೊತೆ ಮಾತು ಬಿಟ್ಟೆ. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಒಮ್ಮೆ ಎದುರಿಗೇ ಬಂದಳು, ತಂಗಿ ಹೇಗಿದ್ದಾಳೆ ಎಂದು ಕೇಳಿದಳು. ನಾನು ಅವಳ ಮುಖ ನೋಡದೆ ಆಟೋ ಹತ್ತಿದೆ.

ಬಲಗೈಯ ಹೊಸ ನಾಳಕ್ಕೆ ಸಣ್ಣಗೆ ಸದ್ದು ಬಂದಿತ್ತು. ತಂಗಿಯ ಗಂಡ ಈಗ ಆ ಕೈ ಹಿಡಿಯುತ್ತಿದ್ದ. ಕುತ್ತಿಗೆಯ ಕೊಳವೆ ಕಂಡರೆ ಬಸುರಿ ಹೆದರುತ್ತಾಳೆಂದು ಮಗಳಿಗೆ ಮಾತ್ರ ತಂಗಿ, ಹೆರಿಗೆಯಾಗುವ ತನಕ ನೋಡಲು ಬರಬೇಡ ಎಂದುಬಿಟ್ಟಿದ್ದಳು. ಅದು ಬಲಿಯುವುದಕ್ಕೆ ಮೊದಲು ಕುತ್ತಿಗೆಯ ಕೊಳವೆಯಿಂದ ನಂಜು ಏರಿತು. ಒಂದು ದಿನ ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಗಡಗಡ ನಡುಗತೊಡಗಿದಳು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಗಾಜಿನ ಬಾಗಿಲ ಹಿಂದೆ ಮಲಗಿಸಿದರು. ತುಂಬಿದ ಬಸುರಿಯನ್ನು ಅಲ್ಲಿಗೆ ಬಿಡುವ ಹಾಗಿರಲಿಲ್ಲ, ಮಗಳು ಫೋನಿನಲ್ಲಿ ಅಮ್ಮಾ ಅಮ್ಮಾ ಎಂದಿದ್ದನ್ನು ನಾನು ತಂಗಿಯ ಕಿವಿಯ ಹತ್ತಿರ ಹಿಡಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಜ್ವರ ಇಳಿಯಲೇ ಇಲ್ಲ. ನನ್ನ ತಂಗಿ ಹೋಗಿಬಿಟ್ಟಳು.

ಹಳ್ಳಿಗೆ ತಂದೆವು. ಬಸುರಿ ಹೆಣ ನೋಡಬಾರದು ಎಂದು ಹಿರಿಯರು ಮಗಳನ್ನು ಕರೆಸಲಿಲ್ಲ. ಅವಳು ಬಂಗಾರಪೇಟೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳಂತೆ, ಅತ್ತೆಯೇ ಹಿಡಿದುಕೊಂಡು ಕೂತಿದ್ದಳಂತೆ. ಮುತ್ತೈದೆಯಾಗಿ ಹೋದವಳಿಗೆ ಮಾಡುವುದನ್ನೆಲ್ಲಾ ಮಾಡಿದರು. ಮೈಗೆ ಅರಿಶಿನ, ಹಣೆಗೆ ದೊಡ್ಡ ಕುಂಕುಮ, ತಲೆ ತುಂಬಾ ಹೂವು. ಬಳೆ ನಾನೇ ತೊಡಿಸಿದೆ. ಬಲಗೈಗೆ ತುಂಬಾ, ಎಡಗೈಗೆ ತುಂಬಾ, ಮಣಿಕಟ್ಟಿನ ಮೇಲೆ ಒತ್ತೊತ್ತಾಗಿ. ಬೇಡ ಎನ್ನುವವರು ಯಾರೂ ಇರಲಿಲ್ಲ. ಸುತ್ತಲಿದ್ದ ಹೆಂಗಸರು ಪುಣ್ಯವಂತೆ, ಕೈ ತುಂಬಾ ಬಳೆ ತೊಟ್ಟುಕೊಂಡು ಹೋದಳು ಎಂದರು. ಅವರ ಬಾಯಿಗಳನ್ನೆಲ್ಲಾ ಹೊಲಿದುಬಿಡಬೇಕು ಎನಿಸಿತು. ತಂಗಿಯ ಗಂಡ ಒಂದು ಮೂಲೆಯಲ್ಲಿ ಅಂಗೈಯನ್ನು ಬರೀ ನೆಲದ ಮೇಲೆ ಒತ್ತಿಟ್ಟುಕೊಂಡು ಕೂತಿದ್ದ.

ತಾಯಿಯಿಲ್ಲದ ಹುಡುಗಿಯ ಬಾಣಂತನ ದೊಡ್ಡಮ್ಮನಾದ ನನ್ನ ಪಾಲಿಗೆ ಬಂತು. ಕೆಜಿಎಫ್‌ನ ನಮ್ಮ ಮನೆಗೇ ಕರೆದುಕೊಂಡು ಬಂದೆ. ಹೆಣ್ಣು ಮಗು. ಕಣ್ಣು ಕಿರಿದು ಮಾಡಿದರೆ ಥೇಟ್ ತಂಗಿ. ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ ಎಣ್ಣೆ, ಸೀಗೆಪುಡಿ, ಸಾಂಬ್ರಾಣಿಗಳ ಲೋಕಕ್ಕೆ ಬಿದ್ದೆ. ಅಳುವುದಕ್ಕೆ ಪುರುಸ್ಸೊತ್ತು ಇಲ್ಲದಿದ್ದದ್ದು ಒಳ್ಳೆಯದೇ ಆಯಿತು. ಆದರೂ ಮಗುವಿಗೆ ನೀರು ಹಾಕುವಾಗ ಕಾಲ ಮೇಲಿಂದ ಹರಿದುಹೋಗುವ ನೀರನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ. ಅಷ್ಟು ನೀರು ಸುಮ್ಮನೆ ಬಚ್ಚಲಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮಗಳು ಮಗುವಿಗೆ ಹಾಲು ಕುಡಿಸುತ್ತಾ ಗೋಡೆಗೆ ಒರಗಿ ಕೂತಿದ್ದಳು. ನಾನು ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವಳು ಒಂದು ಕೈಯಲ್ಲಿ ಫೋನು ಹಿಡಿದು ಏನೋ ನೋಡುತ್ತಿದ್ದವಳು ಅದನ್ನು ನನ್ನ ಕಡೆ ತಿರುಗಿಸಿದಳು. ಶಾಸ್ತ್ರದ ದಿನದ ಫೋಟೋ. ತಂಗಿ ಬಾಗಿ ಮಗಳ ಕೈಗೆ ಬಳೆ ಏರಿಸುತ್ತಿದ್ದಾಳೆ, ಎರಡೂ ಕೈ ತುಂಬಾ ಹಸಿರು, ಹಲ್ಲೆಲ್ಲಾ ಕಾಣುವ ಹಾಗೆ ನಗು.

"ಅಮ್ಮನ್ನ ನಾನು ಕಣ್ಣಾರೆ ನೋಡಿದ್ದು ಇದೇ ಕಡೇದು ದೊಡ್ಡಮ್ಮ" ಎಂದಳು. "ಈ ಬಳೆ ತೊಟ್ಕೊಂಡಿದ್ದು ಯಾಕೆ ಗೊತ್ತಾ? ನಾನು ಕೇಳಿದ್ದಕ್ಕೆ. ಅದ್ರ ಮುಂಚಿನ್ ದಿನ ನಾನೇ ಫೋನ್ ಮಾಡಿ ಒಂದೇ ಸಮ ಅತ್ಬಿಟ್ಟೆ. ಎಲ್ರೂ ನಿನ್ ಕೈ ನೋಡಿ ಆಡ್ಕೊಂತಾರಮ್ಮ, ನಂಗೋಸ್ಕರ ಒಂದಿನ ತೊಟ್ಕೊಳ್ಳಮ್ಮ ಅಂದೆ. ಬ್ಯಾಡ ಅನ್ನಲೇ ಇಲ್ಲ ದೊಡ್ಡಮ್ಮ. ಅಷ್ಟೇ ತಾನೇ, ಅದಕ್ಯಾಕೆ ಅಳ್ತೀಯಾ ಅಂದ್ಳು."

ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು. ನಾನು ಯಾರ ಜೊತೆ ಮಾತು ಬಿಟ್ಟಿದ್ದೆ, ತಂಗಿ ಯಾರನ್ನು ಕಾಯುತ್ತಿದ್ದಳು ಎಂಬುದು ಒಟ್ಟಿಗೇ ತಿಳಿಯಿತು. ಇದ್ದರೂ ಹಾಗೇ, ಇಲ್ಲದಿದ್ದರೂ ಹಾಗೇ ಎಂದು ಅವಳು ಹೇಳಿದ್ದು ಈ ಹುಡುಗಿಗಾಗಿ.

"ಅವತ್ತು ಸಾಯಂಕಾಲಾನೇ ತೆಗ್ದುಬಿಟ್ಳಂತೆ ಅಲ್ವಾ?" ಎಂದು ಕೇಳಿದಳು. ಬರೀ ಕೇಳಿದ್ದೋ, ಒಳಗೆ ಏನಾದರೂ ಹೆದರಿಕೆ ಇದ್ದು ಕೇಳಿದ್ದೋ, ನಾನು ಅವಳ ಮುಖ ಹುಡುಕಲಿಲ್ಲ.

"ಊಂ" ಎಂದೆ. "ನಾನು ಬಸ್ಸಿಗೆ ಒರಡ್ತಾ ಇದ್ದೆ, ನನ್ ಕಣ್ಮುಂದೇನೇ ತೆಗ್ದು ಗೂಡಲ್ಲಿಟ್ಳು. ಸಲೀಸಾಗಿ ಬಂದ್ವು."

ಅವಳ ಭುಜ ಸಡಿಲವಾದದ್ದು ನನಗೆ ಕಂಡಿತು. "ಅಷ್ಟೊತ್ತಾದ್ರೂ ತೊಟ್ಕೊಂಡ್ಳಲ್ಲ" ಎಂದು ಫೋಟೋದ ಮೇಲೆ ಬೆರಳಾಡಿಸಿದಳು. "ನಂಗೆ ಅದೊಂದೇ ಸಮಾಧಾನ ದೊಡ್ಡಮ್ಮ. ನಾನು ಕೇಳಿದ್ರಿಂದ ಅವಳಿಗೂ ಖುಷಿ ಆಯ್ತಲ್ಲ."

ಮಗು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗಿತ್ತು. ತೇಗು ಬರಿಸಬೇಕು, ಕೊಡು ಎಂದು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ಬಂದೆ. ಅವಳಿಗೆ ಬೆನ್ನು ಮಾಡಿ ನಿಂತು, ಮಗುವಿನ ಬೆನ್ನು ತಟ್ಟುತ್ತಾ, "ಆಯ್ತು ಕಣಮ್ಮ, ತುಂಬಾ ಖುಷಿ ಆಯ್ತು" ಎಂದೆ.